ಶಾಲೆಯ ಲೈಬ್ರರಿ ನಡೆಸುವುದು ಹೇಗೆ: ಬೀರುವಿನ ಬೀಗದಿಂದ ಪುಸ್ತಕ ಮೇಳದವರೆಗೆ

"ನಮ್ಮ ಶಾಲೆಯಲ್ಲಿ ಪುಸ್ತಕಕ್ಕೇನೂ ಕಮ್ಮಿ ಇಲ್ಲ, ಆದರೆ ಮಕ್ಕಳು ಓದುತ್ತಿಲ್ಲ. ಏನು ಮಾಡೋಣ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಸರ್ಕಾರಿ ಶಾಲೆಯ ಟೀಚರುಗಳಿದ್ದಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿದ್ದಾರೆ, ಓದಿದ ಶಾಲೆಗೆ ಏನಾದರೂ ಮಾಡಬೇಕು ಅನ್ನುವ ಹಳೆ ವಿದ್ಯಾರ್ಥಿಗಳಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಲೈಬ್ರರಿಗೆ ಬೇರೆ ಕೋಣೆ ಇಲ್ಲ, ಲೈಬ್ರೇರಿಯನ್ ಇಲ್ಲ, ಇರುವುದು ಒಂದೆರಡು ಬೀರು ಮತ್ತು ನೂರು ಕೆಲಸದ ನಡುವೆ ಇದನ್ನೂ ಹೊತ್ತ ಒಬ್ಬ ಟೀಚರು ಎಂದು ಇಟ್ಟುಕೊಳ್ಳೋಣ.

ಶಿಕ್ಷಣ ಹಕ್ಕು ಕಾಯ್ದೆ (2009) ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳೂ ಇರಬೇಕು ಎನ್ನುತ್ತದೆ. ಹಾಗಾಗಿ ಇದು ಯಾರೋ ಇಷ್ಟಪಟ್ಟರೆ ಮಾಡುವ ಹೆಚ್ಚುವರಿ ಕೆಲಸ ಅಲ್ಲ, ಮಕ್ಕಳ ಹಕ್ಕು.

1. ಮೊದಲು ಬೀಗದ ಭಯ ಹೋಗಲಿ

ಪುಸ್ತಕ ಓದುವವರಿಲ್ಲದ ಶಾಲೆಗಳಲ್ಲಿ ಬಹುಪಾಲು ಪುಸ್ತಕಗಳು ಮುಖ್ಯ ಶಿಕ್ಷಕರ ಕೋಣೆಯ ಬೀರುವಿನಲ್ಲಿ ಇರುತ್ತವೆ. ಕೀಲಿ ಒಬ್ಬರ ಹತ್ತಿರ. ಅವರು ತರಬೇತಿಗೋ ಜನಗಣತಿಗೋ ಹೋದರೆ ಲೈಬ್ರರಿಯೂ ರಜೆ. ಇದು ಸೋಮಾರಿತನ ಅಲ್ಲ, ಭಯ. ಪುಸ್ತಕ ಕಳೆದರೆ, ಹರಿದರೆ ನಾಳೆ ಚಾರ್ಜ್ ಕೊಡುವಾಗ ಯಾರು ಉತ್ತರ ಹೇಳಬೇಕು? ಈ ಭಯ ಇರುವವರೆಗೆ ಬೇರೆ ಯಾವ ಉಪಾಯವೂ ನಡೆಯುವುದಿಲ್ಲ.

ಅದಕ್ಕೆ ಎಸ್‌ಡಿಎಂಸಿ ಸಭೆಯಲ್ಲೇ ವಿಷಯ ತನ್ನಿ. ಬಳಕೆಯಲ್ಲಿ ಹರಿದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಸಮಿತಿಯ ಮುಂದಿಡುವುದು, ಅದಕ್ಕೆ ಒಬ್ಬ ಶಿಕ್ಷಕರನ್ನೇ ಹೊಣೆ ಮಾಡದಿರುವುದು ಎಂದು ನಡಾವಳಿ (ಸಭೆಯ ತೀರ್ಮಾನದ ದಾಖಲೆ) ಬರೆಸಿ. ಸರ್ಕಾರದಿಂದ ಬಂದ ಪುಸ್ತಕಗಳನ್ನು ದಾಖಲೆಯಿಂದ ತೆಗೆಯುವ ಕ್ರಮ ಹೇಗೆ ಎಂದು ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ದಾನವಾಗಿ ಬಂದ ಪುಸ್ತಕಗಳಿಗೆ ಬೇರೆ ರಿಜಿಸ್ಟರ್ ಇಡಿ. ಭಯ ಜಾಸ್ತಿ ಇರುವ ಕಡೆ ಮೊದಲು ಈ ದಾನದ ಪುಸ್ತಕಗಳನ್ನೇ ಹೊರಗಿಡಿ. ಒಂದು ವರ್ಷ ನಡೆದ ಮೇಲೆ ಧೈರ್ಯ ಬರುತ್ತದೆ.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಅದರಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಸಭೆಯಲ್ಲಿ ಯಾರಾದರೂ "ಕಳೆದುಹೋದರೆ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಈ ಮಾತು ನೆನಪಿರಲಿ.

2. ಬೀರು ಖಾಲಿ ಮಾಡಿ, ಆರಿಸಿ

ಒಂದು ಶನಿವಾರ ಮಧ್ಯಾಹ್ನ ಎಲ್ಲ ಪುಸ್ತಕಗಳನ್ನೂ ಜಮಖಾನೆ ಮೇಲೆ ಸುರಿಯಿರಿ. ದೊಡ್ಡ ತರಗತಿಯ ಮಕ್ಕಳು ಜೊತೆಗಿರಲಿ. ಮೂರು ಗುಡ್ಡೆ ಮಾಡಿ: ಮಕ್ಕಳು ಓದುವಂಥವು, ಟೀಚರುಗಳಿಗೆ ಬೇಕಾದವು, ಯಾರಿಗೂ ಬೇಡದವು. ಮೂರನೆಯ ಗುಡ್ಡೆಯೇ ದೊಡ್ಡದಾಗುತ್ತದೆ, ಗಾಬರಿಯಾಗಬೇಡಿ. ಹಳೆ ಪಠ್ಯಪುಸ್ತಕ, ಗೈಡು, ವರ್ಷ ದಾಟಿದ ಸ್ಪರ್ಧಾ ಪರೀಕ್ಷೆ ಪತ್ರಿಕೆಗಳು, ಗೆದ್ದಲು ತಿಂದವು, ಸಣ್ಣ ಅಕ್ಷರದ ದಪ್ಪ ಸಂಪುಟಗಳು. ಇವು ಬೀರುವಿನಲ್ಲಿ ಇದ್ದಷ್ಟು ದಿನ ಒಳ್ಳೆಯ ಪುಸ್ತಕ ಕಣ್ಣಿಗೆ ಬೀಳುವುದಿಲ್ಲ. ಇವನ್ನು ಪಟ್ಟಿ ಮಾಡಿ, ಕಟ್ಟು ಕಟ್ಟಿ ಬೇರೆ ಇಡಿ. ಸುಮ್ನೆ ರದ್ದಿಗೆ ಹಾಕಬೇಡಿ, ದಾಖಲೆಯಲ್ಲಿರುವ ಪುಸ್ತಕಕ್ಕೆ ಲೆಕ್ಕ ಬೇಕು.

ಇಲ್ಲೇ ಇನ್ನೊಂದು ಎಚ್ಚರಿಕೆ. "ಪುಸ್ತಕ ದಾನ ಮಾಡಿ" ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಮನೆಯಲ್ಲಿ ಜಾಗ ಇಲ್ಲದ ಪುಸ್ತಕಗಳೆಲ್ಲ ಮೂಟೆಯಲ್ಲಿ ಬರುತ್ತವೆ. ಹಾಗೆ ಕೇಳಬೇಡಿ. ಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟು, "ಇದರಲ್ಲಿ ಒಂದನ್ನು ಕೊಡಿಸಿ" ಎನ್ನಿ. ಕೊಡುವವರಿಗೂ ಸುಲಭ.

3. ದಾಖಲೆ: ಎಷ್ಟು ಬೇಕೋ ಅಷ್ಟೇ

ದಾನದ ಪುಸ್ತಕಗಳ ರಿಜಿಸ್ಟರ್ ಬಿಟ್ಟರೆ ಇನ್ನೆರಡು ಸಾಕು. ಒಂದು ದಾಸ್ತಾನು ಪುಸ್ತಕ: ಕ್ರಮಸಂಖ್ಯೆ, ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ಬಂದ ದಿನ, ಎಲ್ಲಿಂದ ಬಂತು. ಒಮ್ಮೆ ಕೊಟ್ಟ ಸಂಖ್ಯೆಯನ್ನು, ಆ ಪುಸ್ತಕ ಕಳೆದರೂ, ಇನ್ನೊಂದಕ್ಕೆ ಕೊಡಬಾರದು. ಕೊಟ್ಟರೆ ಮುಂದೆ ಲೆಕ್ಕ ತಾಳೆಯಾಗುವುದಿಲ್ಲ. ಶಾಲೆಯ ಮೊಹರನ್ನು ಮೊದಲ ಪುಟದಲ್ಲಿ ಒತ್ತಿ, ಜೊತೆಗೆ ಒಳಗಿನ ಯಾವುದಾದರೂ ಒಂದು ಪುಟವನ್ನು, 17 ಎಂದಿಟ್ಟುಕೊಳ್ಳಿ, ಎಲ್ಲ ಪುಸ್ತಕಕ್ಕೂ ಗೊತ್ತು ಮಾಡಿ ಅಲ್ಲೂ ಒತ್ತಿ. ರಟ್ಟು ಕಿತ್ತು ಹೋದರೂ ಪುಸ್ತಕ ನಿಮ್ಮದೆಂದು ತಿಳಿಯುತ್ತದೆ. ಚಿತ್ರದ ಮೇಲೆ ಮಾತ್ರ ಒತ್ತಬೇಡಿ, ಮಕ್ಕಳಿಗೆ ಬೇಜಾರಾಗುತ್ತದೆ.

ಇನ್ನೊಂದು ಎರವಲು ಪುಸ್ತಕ, ಅಂದರೆ ಯಾರು ಯಾವುದನ್ನು ಒಯ್ದರು ಎಂಬ ಲೆಕ್ಕ. ತರಗತಿಗೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಮಗುವೇ ತನ್ನ ಹೆಸರು, ಪುಸ್ತಕದ ಸಂಖ್ಯೆ, ತಾರೀಕು ಬರೆಯಲಿ. ತಂದಾಗ ತಾನೇ ಗೆರೆ ಎಳೆಯಲಿ. ಒಂದನೇ ತರಗತಿಯವರಿಗೆ ಐದನೇ ತರಗತಿಯವರು ಬರೆದುಕೊಡಲಿ.

ದಂಡ ಬೇಡವೇ ಬೇಡ. ಒಂದು ರೂಪಾಯಿ ದಂಡಕ್ಕೆ ಹೆದರಿ ಪುಸ್ತಕವನ್ನೇ ಮುಟ್ಟದ ಮಕ್ಕಳಿದ್ದಾರೆ. ಕಳೆದರೆ ಮನೆಯವರ ಹತ್ತಿರ ಮಾತಾಡಿ. ತಂಗಿ ಹರಿದಿದ್ದರೆ ಮಗು ಬಂದು ಅಂಟಿಸುವ ಕೆಲಸದಲ್ಲಿ ಅರ್ಧ ಗಂಟೆ ಕೂರಲಿ.

4. ಜೋಡಿಸುವುದು

ದೊಡ್ಡ ಗ್ರಂಥಾಲಯಗಳ ದಶಾಂಶ ವರ್ಗೀಕರಣ (ಪ್ರತಿ ವಿಷಯಕ್ಕೂ ಒಂದು ಅಂಕಿ ಕೊಡುವ ಪದ್ಧತಿ) ಪ್ರಾಥಮಿಕ ಶಾಲೆಗೆ ಬೇಡ. ಬೆನ್ನಿಗೆ ಬಣ್ಣದ ಟೇಪು ಅಂಟಿಸಿ. ಬಣ್ಣ ತರಗತಿಯನ್ನು ಹೇಳಬಾರದು, ಇದು ಮುಖ್ಯ. ಆರನೇ ತರಗತಿಯಲ್ಲಿದ್ದು ಇನ್ನೂ ತಡವರಿಸಿ ಓದುವ ಹುಡುಗ "ಮೂರನೇ ಕ್ಲಾಸಿನ ಬಣ್ಣ" ಎಂದು ಎಲ್ಲರಿಗೂ ಗೊತ್ತಿರುವ ಪುಸ್ತಕವನ್ನು ಸ್ನೇಹಿತರ ಎದುರು ಎತ್ತಿಕೊಳ್ಳುತ್ತಾನೆಯೇ? ಇಲ್ಲ ಅಲ್ವಾ.

ಬದಲಿಗೆ ಓದಿನ ಹದ ನೋಡಿ. ಕನ್ನಡದಲ್ಲಿ ಇದಕ್ಕೆ ಒಂದು ನೇರ ಅಳತೆ ಇದೆ, ಒತ್ತಕ್ಷರ. ಪುಸ್ತಕದ ನಡುವಿನ ಒಂದು ಪುಟ ತೆರೆದು ನೋಡಿ. ಕಾಗುಣಿತದ ಪದಗಳೇ ತುಂಬಿದ್ದು, ಪುಟಕ್ಕೆ ಒಂದೆರಡು ಸಾಲಿದ್ದರೆ ಒಂದು ಬಣ್ಣ. ಅಪ್ಪ, ಅಮ್ಮ, ಹಕ್ಕಿ, ಬೆಕ್ಕು ಥರದ ಸಜಾತಿ ಒತ್ತುಗಳು (ಅದೇ ಅಕ್ಷರಕ್ಕೆ ಅದೇ ಒತ್ತು) ಬಂದರೆ ಎರಡನೆಯದು. ಸೂರ್ಯ, ಪುಸ್ತಕ, ರಾಷ್ಟ್ರದಂಥ ವಿಜಾತಿ ಒತ್ತುಗಳು ಬಂದು, ಪುಟವಿಡೀ ಬರಹವಿದ್ದರೆ ಮೂರನೆಯದು. ಕನ್ನಡ ಓದುವ ಮಗು ಎಡವುವುದು ಹೆಚ್ಚಾಗಿ ಇಲ್ಲೇ. ಬೇರೆ ಬೇರೆ ಬಣ್ಣಗಳನ್ನು ಒಂದೇ ಸಾಲಿನಲ್ಲಿ ಬೆರೆಸಿಡಿ. ಬಣ್ಣದ ಗುಟ್ಟು ನಿಮಗೆ ಗೊತ್ತಿದ್ದರೆ ಸಾಕು.

ತೆಳ್ಳನೆಯ ಚಿತ್ರಪುಸ್ತಕಗಳನ್ನು ಬೆನ್ನು ಕಾಣುವಂತೆ ಇಟ್ಟರೆ ಯಾರಿಗೂ ಕಾಣುವುದಿಲ್ಲ, ಮುಖಪುಟ ಕಾಣಬೇಕು. ಗೋಡೆಯ ಉದ್ದಕ್ಕೂ ಮಕ್ಕಳ ಎದೆಮಟ್ಟಕ್ಕೆ ನೈಲಾನ್ ಹಗ್ಗ ಕಟ್ಟಿ, ಪುಸ್ತಕವನ್ನು ನಡುಪುಟಕ್ಕೆ ತೆರೆದು ನೇತುಹಾಕಿ. ಖರ್ಚು ಕಮ್ಮಿ, ನಾಳೆಯೇ ಮಾಡಬಹುದು. ಮಲೆನಾಡು, ಕರಾವಳಿಯವರು ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ, ಕೆಳಗೆ ಇಟ್ಟಿಗೆ ಕೊಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಗಾಳಿಯಾಡದ ಬೀರುವಿನಲ್ಲೇ. ವಾರಕ್ಕೆ ಎರಡು ಸಲ ಬಾಗಿಲು ತೆಗೆದು ಪುಸ್ತಕ ಕೊಡುತ್ತಿದ್ದರೆ ಅರ್ಧ ಸಮಸ್ಯೆ ತಾನೇ ಹೋಗುತ್ತದೆ.

5. ಪುಸ್ತಕ ಎಲ್ಲಿಂದ ತರುವುದು

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಪುಸ್ತಕಕ್ಕೆ ಸರಾಸರಿ 60 ರೂಪಾಯಿ ಹಿಡಿದರೂ 5,000ಕ್ಕೆ 80ಕ್ಕೂ ಹೆಚ್ಚು ಪುಸ್ತಕ ಬರುತ್ತವೆ. ಹಣ ಬಂದ ಮೇಲೆ ಪಟ್ಟಿ ಮಾಡಲು ಕೂತರೆ ಅವಸರದಲ್ಲಿ ಯಾರೋ ಕೊಟ್ಟ ಕಟ್ಟನ್ನೇ ಕೊಳ್ಳಬೇಕಾಗುತ್ತದೆ. ಮಕ್ಕಳು ಕೇಳಿದ ಪುಸ್ತಕಗಳ ಪಟ್ಟಿ ವರ್ಷವಿಡೀ ಬೆಳೆಯುತ್ತಿರಲಿ.

ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು, ನವಕರ್ನಾಟಕದ ಮಕ್ಕಳ ವಿಜ್ಞಾನ ಪುಸ್ತಕಗಳು ಸುಲಭ ಬೆಲೆಗೆ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರದ ಮಾರಾಟದಲ್ಲಿ ರಿಯಾಯಿತಿ ಇರುತ್ತದೆ, ರಾಜ್ಯೋತ್ಸವದ ಸಮಯದಲ್ಲಿ ವಿಚಾರಿಸಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಅದರ ಕನ್ನಡ ಪಟ್ಟಿ ಹಿಡಿದು ಹುಡುಕಿದರೆ ಇವತ್ತಿನ ಲೇಖಕರು ಸಿಗುತ್ತಾರೆ.

ದುಡ್ಡೇ ಇಲ್ಲದಿದ್ದರೆ ಸ್ಟೋರಿವೀವರ್ ಜಾಲತಾಣ ನೋಡಿ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ್ದು. ಕಥೆಗಳಿಗೆ ಮುಕ್ತ ಪರವಾನಗಿ ಇದೆ, ಅಂದರೆ ಕಥೆಗಾರರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಇಳಿಸಿ, ಮುದ್ರಿಸಿ ಹಂಚಬಹುದು. ಕಥೆಗಳು ಹಂತ 1ರಿಂದ 4ರವರೆಗೆ ವಿಂಗಡವಾಗಿವೆ. ಮನೆಯಲ್ಲಿ ಕೊಂಕಣಿ, ಉರ್ದು, ತೆಲುಗು ಆಡುವ ಮಕ್ಕಳಿದ್ದರೆ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಮುದ್ರಿಸಿ ಜೊತೆಗೆ ಹೊಲಿದು ಕೊಡಿ.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು (ಈಗ ಅರಿವು ಕೇಂದ್ರ) ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಇಡೀ ತರಗತಿಯನ್ನು ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ.

6. ಸ್ವಯಂಸೇವಕರು

"ಸಹಾಯ ಮಾಡಿ" ಎಂದರೆ ಯಾರೂ ಬರುವುದಿಲ್ಲ. "ಗುರುವಾರ ಮೂರು ಗಂಟೆಯಿಂದ ಮೂರೂವರೆವರೆಗೆ ನಾಲ್ಕನೇ ಕ್ಲಾಸಿಗೆ ಒಂದು ಕಥೆ ಓದಿ ಹೇಳ್ತೀರಾ ಅಕ್ಕಾ?" ಎಂದರೆ ಬರುತ್ತಾರೆ. ಕೆಲಸ ಸಣ್ಣದಿರಲಿ, ದಿನ ಗೊತ್ತಿರಲಿ, ಮುಗಿಯುವ ಹೊತ್ತೂ ಗೊತ್ತಿರಲಿ.

ಯಾರನ್ನು ಕೇಳಬಹುದು? ನಿವೃತ್ತ ಮೇಷ್ಟ್ರು, ಪದವಿ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಸ್ತ್ರೀಶಕ್ತಿ ಸಂಘದವರು, ಮಗುವನ್ನು ಬಿಡಲು ಬಂದು ಗೇಟಿನಲ್ಲಿ ನಿಲ್ಲುವ ಅಮ್ಮಂದಿರು. ಓದು ಬರಹ ಬಾರದ ಅಜ್ಜಿಯನ್ನೂ ಕರೆಯಿರಿ. ಅವರ ಬಾಯಲ್ಲಿ ಇರುವ ಕಥೆಗಳನ್ನು ಏಳನೇ ತರಗತಿಯವರು ಬರೆದುಕೊಂಡು, ಚಿತ್ರ ಬಿಡಿಸಿ, ದಾರ ಹಾಕಿ ಹೊಲಿದರೆ ಅದೂ ಒಂದು ಪುಸ್ತಕ. ಅದಕ್ಕೂ ಕ್ರಮಸಂಖ್ಯೆ ಕೊಟ್ಟು ದಾಸ್ತಾನಿಗೆ ಸೇರಿಸಿ. ಟೈಲರಿಂಗ್ ಮಾಡುವವರು ಹರಿದ ಪುಸ್ತಕಕ್ಕೆ ಬೆನ್ನು ಹೊಲಿದುಕೊಡಬಲ್ಲರು.

ಮಕ್ಕಳೇ ಎಲ್ಲರಿಗಿಂತ ದೊಡ್ಡ ಬಲ. ಶಾಲಾ ಸಂಸತ್ತಿನಲ್ಲಿ ಗ್ರಂಥಾಲಯ ಮಂತ್ರಿ ಇರುತ್ತಾರಲ್ಲ, ಆ ಹುದ್ದೆಗೆ ನಿಜವಾದ ಕೆಲಸ ಕೊಡಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಯಾವುದು ಅಂಟಿಸಬೇಕೋ ಅದನ್ನು ಬೇರೆ ಇಡುವುದು ಅವರದೇ. ಚೆನ್ನಾಗಿ ಓದುವ ಮಕ್ಕಳನ್ನೇ ಪ್ರತಿ ಸಲ ಆರಿಸಬೇಡಿ. ಓದಿನಿಂದ ತಪ್ಪಿಸಿಕೊಳ್ಳುವ ಹುಡುಗನಿಗೆ ಕೀಲಿ ಕೊಟ್ಟು ನೋಡಿ.

ಒಂದು ವಿಷಯದಲ್ಲಿ ರಾಜಿ ಬೇಡ. ಹೊರಗಿನಿಂದ ಬರುವ ದೊಡ್ಡವರು ಯಾರೇ ಆಗಲಿ, ಎಷ್ಟೇ ಪರಿಚಿತರಾಗಿರಲಿ, ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು, ಸಂದರ್ಶಕರ ಪುಸ್ತಕದಲ್ಲಿ ಸಹಿ ಬೇಕು. ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಫೋಟೋ ತೆಗೆದು ಅಲ್ಲಿ ಇಲ್ಲಿ ಹಾಕಬಾರದು. ಇದನ್ನು ಮೊದಲ ದಿನವೇ ಎಲ್ಲರಿಗೂ ಒಂದೇ ಥರ ಹೇಳಿ. ಆಗ ಯಾರಿಗೂ ಬೇಸರವಾಗುವುದಿಲ್ಲ.

7. ಪುಸ್ತಕ ಮೇಳ

ಶಾಲೆಯ ಅಂಗಳದಲ್ಲಿ ಎರಡು ದಿನದ ಮೇಳ ಸಾಕು. ನವೆಂಬರ್ ಒಳ್ಳೆಯ ತಿಂಗಳು. ರಾಜ್ಯೋತ್ಸವದ ರಿಯಾಯಿತಿಯೂ ಇರುತ್ತದೆ, 14ಕ್ಕೆ ಮಕ್ಕಳ ದಿನಾಚರಣೆಯೂ ಬರುತ್ತದೆ. ನಿಮ್ಮೂರಲ್ಲಿ ಕೊಯ್ಲಾಗಿ ಕೈಯಲ್ಲಿ ದುಡ್ಡು ಓಡಾಡುವುದು ಯಾವಾಗ ಎಂಬುದನ್ನೂ ನೋಡಿಕೊಳ್ಳಿ.

ಎರಡು ತಿಂಗಳು ಮೊದಲೇ ಒಬ್ಬರೋ ಇಬ್ಬರೋ ಮಾರಾಟಗಾರರ ಹತ್ತಿರ ಮಾತಾಡಿ. ಮೂರು ಮಾತು ಕಾಗದದ ಮೇಲೆ ಇರಲಿ. ಮಾರಾಟವಾಗದೆ ಉಳಿದದ್ದು ಅವರಿಗೇ ವಾಪಸ್. ಮಕ್ಕಳಿಗೆ ಎಷ್ಟು ರಿಯಾಯಿತಿ. ಶಾಲೆಗೆ ಬರುವ ಪಾಲು ಎಷ್ಟು. ಆ ಪಾಲನ್ನು ಹಣವಾಗಿ ತೆಗೆದುಕೊಳ್ಳಬೇಡಿ, ಪುಸ್ತಕವಾಗಿ ತೆಗೆದುಕೊಳ್ಳಿ. ಹಣ ಬಂದರೆ ಲೆಕ್ಕದ ತಕರಾರೂ ಬರುತ್ತದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ. ಬರುವ ಪುಸ್ತಕಗಳ ಪಟ್ಟಿ ಮೊದಲೇ ತರಿಸಿ ನೋಡಿ. ಗೈಡು, ಆಟಿಕೆ, ಮಿಂಚುವ ಪೆನ್ನು ಬೇಡ ಎಂದು ಖಡಾಖಂಡಿತ ಹೇಳಿ. ಅವು ಮೇಜಿನ ಮೇಲೆ ಬಂದರೆ ಮಕ್ಕಳ ದುಡ್ಡೆಲ್ಲ ಅಲ್ಲಿಗೇ. 20ರಿಂದ 100 ರೂಪಾಯಿ ಒಳಗಿನ ಪುಸ್ತಕ ಜಾಸ್ತಿ ಇರಲಿ.

ಮೊದಲ ದಿನ ನೋಡುವುದಕ್ಕೆ, ಎರಡನೆಯ ದಿನ ಕೊಳ್ಳುವುದಕ್ಕೆ. ಮೊದಲ ದಿನ ಪ್ರತಿ ಮಗುವಿನ ಕೈಗೂ ಒಂದು ಚೀಟಿ ಕೊಡಿ. ಮಗು ತಿರುಗಾಡಿ, ಮುಟ್ಟಿ, ಪುಟ ತಿರುವಿ, ಮೂರು ಪುಸ್ತಕದ ಹೆಸರು, ಬೆಲೆ ಬರೆದುಕೊಳ್ಳಲಿ. ಸಂಜೆ ಆ ಚೀಟಿ ಮನೆಗೆ ಹೋಗುತ್ತದೆ, ಅಲ್ಲಿ ಮಾತಾಗುತ್ತದೆ. ಮರುದಿನ ಮಗು ಏನು ಬೇಕೆಂದು ಗೊತ್ತಿದ್ದು ಬರುತ್ತದೆ. ಚೀಟಿಗಳನ್ನು ವಾಪಸ್ ಇಸಿದುಕೊಳ್ಳಿ. ನಿಮ್ಮ ಮುಂದಿನ ಖರೀದಿ ಪಟ್ಟಿ ಅದರಲ್ಲೇ ಇದೆ. ಬೆಂಚುಗಳು ಎತ್ತರವಾದರೆ ಒಂದು, ಎರಡನೇ ತರಗತಿಯವರಿಗೆ ಚಾಪೆ ಹಾಸಿ ನೆಲದಲ್ಲೇ ಹರಡಿ.

ಈಗ ಅತಿ ಮುಖ್ಯವಾದ ಮಾತು. ಮೇಳದಲ್ಲಿ ದುಡ್ಡಿಲ್ಲದ ಮಗು ಖಾಲಿ ಕೈಯಲ್ಲಿ ನಿಲ್ಲಬಾರದು. ಹಾಗಾಗುವುದಾದರೆ ಮೇಳವನ್ನೇ ಮಾಡಬೇಡಿ. ಹಳೆ ವಿದ್ಯಾರ್ಥಿಗಳು, ಊರಿನ ಹಿರಿಯರಿಂದ ಮೊದಲೇ ಹಣ ಕೂಡಿಸಿ, ಶಾಲೆಯ ಪ್ರತಿಯೊಂದು ಮಗುವಿಗೂ ಒಂದೇ ಮೊತ್ತದ ಕೂಪನ್ ಕೊಡಿ. 120 ಮಕ್ಕಳಿಗೆ 50 ರೂಪಾಯಿಯಂತೆ 6,000 ಆಯಿತು. "ಬಡ ಮಕ್ಕಳಿಗೆ ಉಚಿತ" ಎಂದು ಬೇರೆ ಸಾಲು ಮಾಡಬೇಡಿ, ಮೈಕಿನಲ್ಲಿ ಹೆಸರು ಕೂಗಬೇಡಿ. ಎಲ್ಲರ ಕೈಯಲ್ಲೂ ಅದೇ ಬಣ್ಣದ ಕೂಪನ್ ಇರಲಿ, ಜಾಸ್ತಿ ಬೇಕಾದವರು ಮನೆಯಿಂದ ತಂದದ್ದು ಸೇರಿಸಲಿ. ಮಗು ಯಾವ ಪುಸ್ತಕ ಆರಿಸಿದರೂ ಸರಿ. "ಇದಲ್ಲ, ಅದು ತಗೋ" ಎಂದು ಕಿತ್ತಿಡಬೇಡಿ.

ದುಡ್ಡಿನ ಡಬ್ಬಿ ಹತ್ತಿರ ಯಾವಾಗಲೂ ಇಬ್ಬರಿರಲಿ. ಸಂಜೆ ಇಬ್ಬರೂ ಎಣಿಸಿ ಸಹಿ ಹಾಕಲಿ.

8. "ಯಾವ ಪುಸ್ತಕ ಓದಲಿ ಮಿಸ್?"

ಈ ಪ್ರಶ್ನೆ ಬಂದರೆ ನಿಮ್ಮ ಲೈಬ್ರರಿಗೆ ಜೀವ ಬಂದಿದೆ ಎಂದರ್ಥ. ಉತ್ತರ ಕೊಡಲು ನೀವೂ ಆ ಪುಸ್ತಕಗಳನ್ನು ಓದಿರಬೇಕು, ಬೇರೆ ದಾರಿ ಇಲ್ಲ. ಚಿತ್ರಪುಸ್ತಕಕ್ಕೆ ಐದು ನಿಮಿಷ ಸಾಕು, ಊಟದ ಬಿಡುವಿನಲ್ಲಿ ದಿನಕ್ಕೊಂದು ಮುಗಿಸಬಹುದು.

ವಯಸ್ಸು ನೋಡಿ ಪುಸ್ತಕ ಕೊಡಬೇಡಿ, ಮಗುವಿನ ಗೀಳು ನೋಡಿ ಕೊಡಿ. ಕೆರೆಯಲ್ಲಿ ಮೀನು ಹಿಡಿಯುವವನಿಗೆ ಮೀನಿನ ಪುಸ್ತಕ. ಟ್ರ್ಯಾಕ್ಟರ್ ಹುಚ್ಚಿನವಳಿಗೆ ಯಂತ್ರದ ಪುಸ್ತಕ. ಹುಡುಗರಿಗೆ ಸಾಹಸ, ಹುಡುಗಿಯರಿಗೆ ರಾಜಕುಮಾರಿ ಎಂಬ ಲೆಕ್ಕ ಬಿಟ್ಟುಬಿಡಿ. ತಾನೇ ಓದಲು ಕಷ್ಟವಾಗುತ್ತದೆಯೋ ಎಂದು ತಿಳಿಯಲು ಒಂದು ಪುಟ ಓದಿಸಿ, ಅರ್ಥವಾಗದ ಪದಕ್ಕೆ ಒಂದೊಂದು ಬೆರಳು ಮಡಚಲಿ. ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ನೀವು ಓದಿ ಹೇಳಿ, ಇಲ್ಲವೇ ಚಿತ್ರ ನೋಡಲು ಕೊಡಿ. ಬೇಡ ಅನ್ನಬೇಡಿ.

ಬೆಳಗಿನ ಪ್ರಾರ್ಥನೆಯಾದ ಮೇಲೆ ಎರಡು ನಿಮಿಷ ತೆಗೆದುಕೊಳ್ಳಿ. ಒಂದು ಮಗು ಒಂದು ಪುಸ್ತಕ ತೋರಿಸಿ, ಯಾರಿಗೆ ಇಷ್ಟವಾಗಬಹುದು ಎಂದು ಹೇಳಲಿ. ಕಥೆಯ ಕೊನೆ ಹೇಳಬಾರದು, ಅದೊಂದೇ ನಿಯಮ. ಎಂಟನೇ ತರಗತಿಯವರಿಗೆ ಕಾದಂಬರಿ ಶುರು ಮಾಡಿಸುವುದಾದರೆ ಮೊದಲ ಕೆಲವು ಪುಟ ನೀವೇ ಗಟ್ಟಿಯಾಗಿ ಓದಿ ನಿಲ್ಲಿಸಿ. ತೇಜಸ್ವಿಯವರ 'ಕರ್ವಾಲೊ' ಜೇನಿನ ವಿಷಯದಿಂದಲೇ ಶುರುವಾಗುತ್ತದೆ, ತೋಟದೂರಿನ ಮಕ್ಕಳು ಕಿವಿ ನಿಮಿರಿಸುತ್ತಾರೆ. ಆಮೇಲೆ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿ.

ಓದಿದವರು ಮುಂದಿನವರಿಗಾಗಿ ಒಂದು ಚೀಟಿ ಬರೆದು ಪುಸ್ತಕದೊಳಗೇ ಇಡುವ ಅಭ್ಯಾಸ ಮಾಡಿಸಿ. ಎರಡು ಸಾಲು ಸಾಕು. "ನಾಯಿ ಸಾಯಲ್ಲ, ಹೆದರಬೇಡ" ಎಂದು ಒಬ್ಬಳು ಬರೆದಿಟ್ಟರೆ ಅದು ನಮ್ಮ ನಿಮ್ಮ ಶಿಫಾರಸಿಗಿಂತ ಬೇಗ ಕೆಲಸ ಮಾಡುತ್ತದೆ. "ಚೆನ್ನಾಗಿಲ್ಲ" ಎಂದು ಬರೆಯುವ ಸ್ವಾತಂತ್ರ್ಯವೂ ಇರಲಿ.

ಹಾಳು ಮಾಡುವ ಮೂರು ಅಭ್ಯಾಸಗಳಿವೆ. ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸುವುದು. ಪ್ರತಿ ಕಥೆಯ ಕೊನೆಗೂ "ನೀತಿ ಏನು?" ಎಂದು ಕೇಳುವುದು. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಕೊಡುವುದು. ಬಹುಮಾನ ಇಟ್ಟ ಕೂಡಲೇ ಮಕ್ಕಳು ತೆಳ್ಳನೆಯ ಪುಸ್ತಕ ಹುಡುಕಲು ಶುರು ಮಾಡುತ್ತಾರೆ, ಓದದೆ ಗೆರೆ ಎಳೆಯುತ್ತಾರೆ.

9. ವರ್ಷದ ಕೊನೆ

ಮಾರ್ಚ್‌ನಲ್ಲಿ ಪುಸ್ತಕಗಳನ್ನೆಲ್ಲ ವಾಪಸ್ ತರಿಸಿ ದಾಸ್ತಾನು ತಾಳೆ ನೋಡಿ. ಕಳೆದವು, ಹರಿದವುಗಳ ಪಟ್ಟಿಯನ್ನು ನಡಾವಳಿಯಂತೆ ಎಸ್‌ಡಿಎಂಸಿ ಮುಂದಿಡಿ. ಜೊತೆಗೆ ಎಷ್ಟು ಪುಸ್ತಕ ಎಷ್ಟು ಸಲ ಮನೆಗೆ ಹೋದವು ಎಂಬ ಲೆಕ್ಕವನ್ನೂ ಇಡಿ. ಎರಡನ್ನೂ ಅಕ್ಕಪಕ್ಕ ನೋಡಿದಾಗ ಯಾರೂ ಜಗಳಕ್ಕೆ ಬರುವುದಿಲ್ಲ. ಒಂದು ಸಲವೂ ಹೊರಗೆ ಹೋಗದ ಪುಸ್ತಕಗಳನ್ನು ಬೇರೆ ತೆಗೆದು, ಜಾಗದ ತಪ್ಪೋ ಪುಸ್ತಕದ ತಪ್ಪೋ ಎಂದು ಯೋಚಿಸಿ.

ಆದರೆ ತಾಳೆ ಮುಗಿದ ಮೇಲೆ ಬೀಗ ಹಾಕಿಕೊಂಡು ಹೋಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಕೈಯಲ್ಲಿ ಹೊತ್ತು ತುಂಬಾ ಇರುತ್ತದೆ. ಕೊನೆಯ ದಿನ ಪ್ರತಿ ಮಗುವಿಗೂ ಎರಡು ಪುಸ್ತಕ ಮನೆಗೆ ಕೊಡಿ. ಅಣ್ಣ ತಂಗಿ ಇಬ್ಬರೂ ನಿಮ್ಮ ಶಾಲೆಯವರಾದರೆ ಬೇರೆ ಬೇರೆ ಪುಸ್ತಕ ಕೊಟ್ಟರೆ ಮನೆಗೆ ನಾಲ್ಕಾಯಿತು. ಅಜ್ಜಿ ಮನೆಗೆ ಹೋಗುವವರು ಒಯ್ಯಲಿ. ಏಳನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವವರಿಗೆ ಮಾತ್ರ ಟಿಸಿ ಕೊಡುವಾಗ ಪುಸ್ತಕ ಕೇಳಿ ತೆಗೆದುಕೊಳ್ಳಿ. ಉಳಿದವರು ಶಾಲೆ ಶುರುವಾದ ಮೊದಲ ವಾರ ತಂದುಕೊಡುತ್ತಾರೆ. ಆ ವಾರವೇ ಹೊಸ ಎರವಲು ನೋಟ್‌ಬುಕ್ ತೆರೆದು, ಅವರು ತಂದದ್ದನ್ನು ಬರೆದುಕೊಳ್ಳುವಾಗಲೇ ಮುಂದಿನ ಪುಸ್ತಕ ಕೊಟ್ಟು ಕಳಿಸಿ.